ತಪ್ಪೊಪ್ಪಿಕೊಳ್ಳೋಕೂ ಸಾಹೇಬರ ಅಪ್ಪಣೆ ಬೇಕು

ತಾಂಬೂಲ ಬದಲಾಯಿಸಿಕೊಂಡು, ಹೋಳಿಗೆ ಊಟ ಮುಗಿಸಿ, ಎರಡು ದಿನ ಬಿಟ್ಟು 'ಈ ಸಂಬಂಧ ಬೇಡ' ಅಂದರೆ ನಮ್ಮಲ್ಲಿ ದೊಡ್ಡ ಜಗಳವೇ ಆಗುತ್ತದೆ. ಅಮೆರಿಕದ ಸೇನಾ ಕೋರ್ಟಿನಲ್ಲಿ ಅದಕ್ಕೆ ಕಾನೂನು ಅನ್ನುತ್ತಾರೆ.

2001ರ ಸೆಪ್ಟೆಂಬರ್ 11ರ ದಾಳಿಯ ಕೇಸನ್ನೇ ನೋಡಿ. ಸತ್ತವರು ಸುಮಾರು 3,000 ಜನ. ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ರಾವಲ್ಪಿಂಡಿಯಲ್ಲಿ ಸಿಕ್ಕಿದ್ದು 2003ರಲ್ಲಿ. ಬಾಯಿ ಬಿಡಿಸೋಕೆ ಸಿಐಎ ಅವನ ಮುಖಕ್ಕೆ ಬಟ್ಟೆ ಮುಚ್ಚಿ 183 ಸಲ ನೀರು ಸುರಿಯಿತು. ಆಮೇಲೆ 2008ರ ಡಿಸೆಂಬರಿನಲ್ಲಿ ಕ್ಯೂಬಾದ ಗ್ವಾಂಟಾನಮೋದಲ್ಲಿರುವ ಅಮೆರಿಕದ ಸೇನಾ ಕೋರ್ಟಿನಲ್ಲಿ ಅವನಾಗಿಯೇ 'ಒಪ್ಪಿಕೊಳ್ಳುತ್ತೇನೆ' ಅಂದ. ಈಗ ಜಡ್ಜ್ ತಲೆ ಕೆರೆದುಕೊಂಡರು. ವಿಚಾರಣೆಯೇ ಇಲ್ಲದೆ ಒಪ್ಪಿಕೊಂಡವನಿಗೆ ಮರಣದಂಡನೆ ಕೊಡೋಕೆ ಕಾನೂನಿನಲ್ಲಿ ದಾರಿ ಇದೆಯಾ? ಪಾಪ, ನೀರು ಸುರಿಯದೆಯೂ ಯಾರಾದರೂ ಒಪ್ಪಿಕೊಂಡಾರು ಅಂತ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇನ್ನೂ ಹದಿನೈದು ವರ್ಷ ಕಳೆಯಿತು. ಎರಡು ವರ್ಷಕ್ಕೂ ಜಾಸ್ತಿ ಮಾತುಕತೆ ನಡೆದು, 2024ರ ಜುಲೈ 31ಕ್ಕೆ ಅವನೂ ಇನ್ನಿಬ್ಬರೂ ತಪ್ಪೊಪ್ಪಿಕೊಳ್ಳುವ ಒಪ್ಪಂದ ಪ್ರಕಟವಾಯಿತು. ಮರಣದಂಡನೆ ಇಲ್ಲ, ಜೀವನಪೂರ್ತಿ ಜೈಲು. ಸರ್ಕಾರದ ಪರ ಸಹಿ ಹಾಕಿದವರು ಈ ಸೇನಾ ಕೋರ್ಟಿನ ಉಸ್ತುವಾರಿ ಅಧಿಕಾರಿ ಸೂಸನ್ ಎಸ್ಕಲಿಯರ್. ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಆಗಿನ ರಕ್ಷಣಾ ಸಚಿವ ಲಾಯ್ಡ್ ಆಸ್ಟಿನ್. ಆಗಸ್ಟ್ 2ರ ಶುಕ್ರವಾರ ಅದೇ ಆಸ್ಟಿನ್ ಸಾಹೇಬರು ಒಪ್ಪಂದ ರದ್ದು ಅಂದರು. ಮಗಳ ಕೈಗೆ ಪೆನ್ನು ಕೊಟ್ಟು, ಸಹಿ ಆದಮೇಲೆ ಅಪ್ಪ ಬಂದು ಕಾಗದ ಹರಿದ ಹಾಗೆ.

ನಿಯಮದಲ್ಲಿ ಒಂದು ಸಂದು ಇದೆ. ಆರೋಪಿ ಒಪ್ಪಂದದಲ್ಲಿ ಕೊಟ್ಟ ಮಾತನ್ನು ನಡೆಸೋಕೆ ಶುರು ಮಾಡುವ ತನಕ ಸರ್ಕಾರ ಹಿಂದೆ ಸರಿಯಬಹುದು. ಸೇನಾ ಜಡ್ಜ್ 'ತಡವಾಯಿತು ಸ್ವಾಮಿ, ಒಪ್ಪಂದ ಊರ್ಜಿತ' ಅಂದರು. ಮೇಲಿನ ಸೇನಾ ಕೋರ್ಟೂ ಹೂಂ ಅಂತು. 2025ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಎರಡಕ್ಕೆ ಒಂದು ಮತದಿಂದ 'ಇಲ್ಲ, ಅವರು ಇನ್ನೂ ಏನೂ ನಡೆಸಿಯೇ ಇರಲಿಲ್ಲ' ಅಂದಿತು. ಎರಡೇ ದಿನದಲ್ಲಿ ಏನು ನಡೆಸಬೇಕಿತ್ತೋ!

ಆ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಸತ್ತವರ ಮನೆಯವರು ಕೇಳುವ ಪ್ರಶ್ನೆಗಳಿಗೆ ಈ ಮೂವರು ಉತ್ತರ ಕೊಡಬೇಕಿತ್ತು. ಒಪ್ಪಂದವೇ ಬೇಡ ಅಂದ ಕುಟುಂಬಗಳೂ ಇದ್ದವು, ಅದು ಅವರ ಹಕ್ಕು. ಕೇಳಬೇಕು ಅಂತ ಕಾದಿದ್ದವರಿಗೆ ಮಾತ್ರ ಉತ್ತರ ಸಿಗಲಿಲ್ಲ.