ಆಯಿಯ ಮನೆಯ ಗೋದಲಿ

ನಮ್ಮ ಸಂಡೇ ಸ್ಕೂಲಿನ ಕ್ರಿಸ್ಮಸ್ ನಾಟಕದಲ್ಲಿ ನಾನು ಮೂರು ವರ್ಷ ಛತ್ರದ ಯಜಮಾನನಾಗಿದ್ದೆ. ಆ ಪಾತ್ರಕ್ಕೆ ಇದ್ದದ್ದು ಒಂದೇ ಮಾತು. ಯೇಸುವಿನ ತಾಯಿ ಮರಿಯ, ಅವಳ ಗಂಡ ಯೋಸೇಫ ಬಂದು ಬಾಗಿಲು ತಟ್ಟುತ್ತಿದ್ದರು. ನಾನು ಕಂದೀಲು ಎತ್ತಿ ಹಿಡಿದು "ಜಾಗ ಇಲ್ಲ, ಮುಂದಕ್ಕೆ ಹೋಗ್ರಿ" ಅನ್ನಬೇಕಿತ್ತು. ಮೂರನೆಯ ವರ್ಷ ನಾಟಕ ಮುಗಿಸಿ ಬಂದು ಮಲಗಿದಾಗ ಅಳು ಬಂತು. ತುಂಬಿದ ಬಸುರಿಯನ್ನು ಚಳಿಯಲ್ಲಿ ಹೊರಗೆ ಕಳಿಸಿದವನು ನಾನೇ ಅನ್ನಿಸಿಬಿಟ್ಟಿತ್ತು.

ಪಕ್ಕದಲ್ಲಿ ಮಲಗಿದ್ದ ಆಯಿ, ಅಂದರೆ ನಮ್ಮಜ್ಜಿ, ಕೇಳಿಸಿಕೊಂಡಳು. "ಯಾಕ ಅಳ್ತೀಯೋ ತಮ್ಮಾ? ಪುಸ್ತಕದಾಗ ಅಂಥಾ ಮನಷ್ಯಾನ ಇಲ್ಲ" ಅಂದಳು. ಎದ್ದು ದೀಪ ಹಾಕಿ, ಬೈಬಲ್ ತಂದು, ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ತೆಗೆದಳು. ಬೆರಳಿಟ್ಟು ನನ್ನಿಂದಲೇ ಓದಿಸಿದಳು. ನಿಜ. ಛತ್ರದಲ್ಲಿ ಅವರಿಗೆ ಸ್ಥಳ ಇರಲಿಲ್ಲ, ಮರಿಯ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ, ಮಲಗಿಸಿದಳು, ಅಷ್ಟೇ ಇದೆ. ಯಜಮಾನ ಇಲ್ಲ. ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ ಯಾರನ್ನೂ ಬೈದು ಓಡಿಸಲಿಲ್ಲ. ಕೊಟ್ಟಿಗೆ ಅನ್ನುವ ಮಾತೂ ಅಲ್ಲಿಲ್ಲ.

ಆಯಿ ಅಲ್ಲಿಗೇ ಬಿಡಲಿಲ್ಲ. "ಮನೀ ತುಂಬ ಬೀಗರು ಬಂದಿರಬೇಕು. ಒಳಗ ಜಾಗಾ ಸಾಲಲಿಲ್ಲ. ದನದ ಕಡೆ ಬೆಚ್ಚಗ ಇರತೈತಿ, ಅಲ್ಲೇ ಹಡದಾಳ. ನಿಮ್ಮಪ್ಪ ಹುಟ್ಟಿದ್ದೂ ಅಲ್ಲೇ ನೋಡು" ಅಂತ ಕೈ ತೋರಿಸಿದಳು.

ಗದಗ, ಧಾರವಾಡದ ಕಡೆಯ ಹಳೇ ಮಣ್ಣಿನ ಮನೆ ನೋಡಿದವರಿಗೆ ಆ ಕೈ ಎತ್ತ ತೋರಿಸಿತು ಅಂತ ಗೊತ್ತಾಗುತ್ತದೆ. ತಲೆಬಾಗಿಲು ದಾಟಿದ ಕೂಡಲೇ ಒಂದು ಕಡೆ ತಗ್ಗು ನೆಲ, ಅಲ್ಲಿ ದನ ಕಟ್ಟುವುದು. ಎರಡು ಅಡಿ ಮೇಲಕ್ಕೆ ಪಡಸಾಲೆ, ಅಲ್ಲಿ ನಾವು ಉಣ್ಣುವುದು, ಮಲಗುವುದು. ನಡುವೆ ಗೋಡೆ ಇಲ್ಲ. ರಾತ್ರಿ ಆಕಳು ಮೆಲುಕು ಹಾಕುವ ಸದ್ದು ಕೇಳುತ್ತಲೇ ನಿದ್ದೆ ಹತ್ತುತ್ತಿತ್ತು. ಆಯಿಯ ಮನೆಯಲ್ಲಿ ಪಡಸಾಲೆಯ ಅಂಚಿಗೆ ಒಂದು ಕಲ್ಲಿನ ಗೋದಲಿ ಇತ್ತು. ಒಂದೇ ಕಲ್ಲಿನಲ್ಲಿ ಕಡೆದದ್ದು. ಹೊರಗಿನ ಮೈಯೆಲ್ಲ ಉಳಿಯ ಗುರುತು, ಒರಟು. ಒಳಗೆ ಕೈ ಹಾಕಿದರೆ ಮಾತ್ರ ಗಾಜಿನಂತೆ ನುಣುಪು. ಎಷ್ಟೋ ತಲೆಮಾರಿನ ದನಗಳು ಹಿಂಡಿ ನೆಕ್ಕಿ ನೆಕ್ಕಿ, ಕಣಕಿ ತಿಂದು ತಿಂದು ಆ ಕಲ್ಲನ್ನು ಹಾಗೆ ಮಾಡಿದ್ದವು. ಒಂದು ಮೂಲೆಯಲ್ಲಿ ಯಾವಾಗಲೂ ಸ್ವಲ್ಪ ಎಂಜಲು, ಸ್ವಲ್ಪ ಹೊಟ್ಟು ಅಂಟಿಕೊಂಡಿರುತ್ತಿತ್ತು.

ನಮ್ಮಪ್ಪನನ್ನು ಹುಟ್ಟಿದ ದಿನ ಆ ಗೋದಲಿಯಲ್ಲೇ ಮಲಗಿಸಿದ್ದರಂತೆ. ನೆಲದ ಮೇಲಾದರೆ ದನ ತುಳಿದೀತು ಅನ್ನುವ ಭಯ. ಹೊಟ್ಟು ಹಾಸಿ, ಮೇಲೆ ಹಳೇ ಸೀರೆ ಮಡಿಸಿ ಹಾಕಿ ಮಲಗಿಸಿದರಂತೆ. ಇದನ್ನು ಆಯಿ ಬಡತನದ ಕಥೆಯ ಹಾಗೆ ಹೇಳುತ್ತಿರಲಿಲ್ಲ. ಮನೆಯಲ್ಲಿ ಕೂಸಿಗೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ ಅನ್ನುವುದು ಅವಳ ಮಾತು.

ಎಷ್ಟೋ ವರ್ಷ ಆದಮೇಲೆ ಬೈಬಲ್ ಪಂಡಿತರು ಬರೆದದ್ದನ್ನು ಓದುತ್ತಾ ಹೋದಾಗ ನನಗೆ ಮೈ ಜುಮ್ಮೆಂದಿತು. ಲೂಕ ಬರೆದದ್ದು ಗ್ರೀಕಿನಲ್ಲಿ. ನಾವು ಛತ್ರ ಅಂತ ಓದುವ ಕಡೆ ಅವನು ಬಳಸಿದ ಪದ 'ಕತಾಲುಮ'. ದುಡ್ಡು ಕೊಟ್ಟು ಉಳಿಯುವ ಛತ್ರಕ್ಕೆ ಅವನ ಹತ್ತಿರ ಬೇರೆ ಪದವೇ ಇತ್ತು. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಗಾಯಗೊಂಡವನನ್ನು ಕರೆದೊಯ್ಯುವ ಛತ್ರಕ್ಕೆ ಆ ಪದವನ್ನೇ ಬಳಸಿದ್ದಾನೆ. ಅಲ್ಲಿ ಛತ್ರದ ಯಜಮಾನನೂ ಇದ್ದಾನೆ, ಅವನ ಕೈಗೆ ಎರಡು ದಿನಾರಿ ನಾಣ್ಯವನ್ನೂ ಕೊಡುತ್ತಾರೆ. ಕತಾಲುಮ ಅಂದರೆ ಬಂದವರು ಇಳಿದುಕೊಳ್ಳುವ ಕೋಣೆ, ಮನೆಯ ಬೀಗರ, ಅಂದರೆ ನೆಂಟರ, ಕೋಣೆ ಅಂತಲೂ ಆಗುತ್ತದೆ. ಬೇತ್ಲೆಹೇಮು ಯೋಸೇಫನ ಪೂರ್ವಿಕರ ಊರು. ಖಾನೇಷುಮಾರಿಗೆ, ಅಂದರೆ ಜನಗಣತಿಗೆ, ಎಲ್ಲರೂ ಊರಿಗೆ ಬಂದಿದ್ದಾರೆ. ಆ ಸೀಮೆಯ ಹಳ್ಳಿ ಮನೆಗಳಲ್ಲೂ ರಾತ್ರಿ ದನ ಕುರಿಗಳನ್ನು ಮನೆಯೊಳಗಿನ ತಗ್ಗಿಗೆ ಹೊಡೆದುಕೊಳ್ಳುತ್ತಿದ್ದರು, ಮೇಲಿನ ಕಟ್ಟೆಯ ಮೇಲೆ ಜನ ಮಲಗುತ್ತಿದ್ದರು. ಎಲ್ಲ ಪಂಡಿತರೂ ಇದನ್ನು ಒಪ್ಪುತ್ತಾರೆ ಅಂತಲ್ಲ. ಹುಟ್ಟಿದ್ದು ಗವಿಯಲ್ಲಿ ಅನ್ನುವ ಮಾತು ಎರಡನೆಯ ಶತಮಾನದಿಂದಲೂ ಇದೆ. ಬೇತ್ಲೆಹೇಮಿನ ದೊಡ್ಡ ದೇವಾಲಯದ ಕೆಳಗೆ ಇವತ್ತಿಗೂ ತೋರಿಸುವುದು ಗವಿಯನ್ನೇ. ಆದರೆ ಆ ಕಡೆ ಗವಿಗೆ ಆತುಕೊಂಡು ಮನೆ ಕಟ್ಟುವುದೂ ಇತ್ತು. ಎರಡೂ ಮಾತು ಒಂದನ್ನೊಂದು ಹೊಡೆದುಹಾಕುವುದಿಲ್ಲ.

ಪಡಸಾಲೆಯಲ್ಲಿ ಕೂತು, ಗ್ರೀಕಿನ ಗಂಧ ಗಾಳಿ ಇಲ್ಲದೆ, ಆಯಿ ಇದನ್ನು ಹೇಳಿದ್ದಳು. ಆ ಮನೆ ಅವಳ ಮನೆಯಂಥದೇ ಆಗಿತ್ತಲ್ಲ, ಅವಳಿಗೆ ಕಂಡಿತು.

ಇದನ್ನೆಲ್ಲ ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದರೆ, ಕ್ರಿಸ್ಮಸ್‌ ಅಂದರೇನು ಅಂತ ಗೆಳೆಯರು ಕೇಳಿದಾಗ ನಾವು ಕ್ರೈಸ್ತರು ಅರ್ಧ ಮಾತ್ರ ಹೇಳುತ್ತೇವೆ ಅಂತ ನನಗೆ ಅನ್ನಿಸುತ್ತದೆ. ದೇವರ ಮಗನಿಗೆ ಜನ ಜಾಗ ಕೊಡಲಿಲ್ಲ, ಬಾಗಿಲು ಹಾಕಿದರು, ಆದ್ದರಿಂದ ನೀವು ನಿಮ್ಮ ಹೃದಯದ ಬಾಗಿಲು ತೆರೆಯಿರಿ ಅನ್ನುತ್ತೇವೆ. ತಪ್ಪು ಅನ್ನುವುದಿಲ್ಲ. ರಾಜ ಹೆರೋದ ಅವನನ್ನು ಕೊಲ್ಲಲು ಹುಡುಕಿದ್ದು, ತಂದೆ ತಾಯಿ ಹಸುಗೂಸು ಎತ್ತಿಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಓಡಿಹೋದದ್ದು ಮತ್ತಾಯನ ಸುವಾರ್ತೆಯಲ್ಲಿ ಇದೆ. ಆದರೆ ಆ ರಾತ್ರಿ ನಡೆದದ್ದರಲ್ಲಿ ಇನ್ನೂ ದೊಡ್ಡದೊಂದಿದೆ. ಅವನು ಬಂದದ್ದು ತುಂಬಿದ ಮನೆಗೆ. ಅಡುಗೆ ಹೊಗೆ, ಮಕ್ಕಳ ಗಲಾಟೆ, ಸಗಣಿ ವಾಸನೆ, ಕಾಲು ಚಾಚಲೂ ಜಾಗ ಇಲ್ಲದ ಮನೆಗೆ. ಅವನಿಗಾಗಿ ಯಾರೂ ಮನೆ ತೊಳೆದು ಸಾರಿಸಲಿಲ್ಲ. ದಿನಾ ಕೈ ಹಾಕುವ ಜಾಗದಲ್ಲಿ, ದನಕ್ಕೆ ಮೇವು ಹಾಕುವ ಜಾಗದಲ್ಲಿ ಮಲಗಿದ. ಕ್ರೈಸ್ತ ನಂಬಿಕೆಯ ಪ್ರಕಾರ ಆಕಾಶ ಭೂಮಿ ಮಾಡಿದವನೇ ಅಲ್ಲಿ ಹಾಲಿಗಾಗಿ ಅಳುತ್ತಿದ್ದ. ಇದನ್ನು ಬರೆಯುವಾಗ ಇವತ್ತೂ ನನ್ನ ಗಂಟಲು ಕಟ್ಟುತ್ತದೆ.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ 'ನರಾವತಾರ' ಅನ್ನುವ ಪದ ಇದೆ. ನನಗೆ ಬಹಳ ಇಷ್ಟದ ಪದ. ಮನುಷ್ಯನ ವೇಷ ಹಾಕಿಕೊಂಡು ಬಂದ ಅಂತ ಅದಕ್ಕೆ ಅರ್ಥವಲ್ಲ. ಹಸಿವೆ, ನಿದ್ದೆ, ಜ್ವರ, ಕೊನೆಗೆ ಸಾವು, ಎಲ್ಲ ಸೇರಿದ ಪೂರ್ತಿ ಮನುಷ್ಯ. ಅದೇ ವಾಕ್ಯದಲ್ಲಿ ನಮ್ಮ ಮಧ್ಯದಲ್ಲಿ ವಾಸಮಾಡಿದ ಅಂತ ಇದೆಯಲ್ಲ, ಗ್ರೀಕಿನಲ್ಲಿ ಅದು ಗುಡಾರ ಹಾಕಿದ ಅನ್ನುವ ಮಾತು. ನಮ್ಮ ಪಕ್ಕದಲ್ಲೇ ಗೂಟ ಹೊಡೆದು ಗುಡಾರ ಹಾಕಿದ ದೇವರು. ಯೇಸುವಿಗೆ ಇರುವ ಇನ್ನೊಂದು ಹೆಸರು ಇಮ್ಮಾನುವೇಲ್ ಅಂದರೂ ಅದೇ, ದೇವರು ನಮ್ಮ ಕೂಡ ಇದ್ದಾನೆ. ಮೇಲೆ ಕೂತು ನೋಡುತ್ತಿದ್ದಾನೆ ಅನ್ನುವುದಲ್ಲ, ಕೂಡ ಇದ್ದಾನೆ. ಆ ಒಂದು 'ಕೂಡ'ದ ಮೇಲೆ ನನ್ನ ನಂಬಿಕೆಯೆಲ್ಲ ನಿಂತಿದೆ.

ದಿನಾಂಕದ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸುವಾರ್ತೆಗಳಲ್ಲಿ ದಿನಾಂಕ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ರಂದು ಹಬ್ಬ ಮಾಡಿದ ದಾಖಲೆ ನಾಲ್ಕನೆಯ ಶತಮಾನದ್ದು. ಅರ್ಮೇನಿಯಾದ ಕ್ರೈಸ್ತ ಸಭೆ ಜನವರಿ 6ಕ್ಕೆ ಮಾಡುತ್ತದೆ. ನನಗೆ ಇದರಿಂದ ಏನೂ ತೊಂದರೆ ಇಲ್ಲ. ನಮ್ಮಪ್ಪ ಹುಟ್ಟಿದ ದಿನಾಂಕವೂ ಆಯಿಗೆ ಗೊತ್ತಿರಲಿಲ್ಲ. ಹುಟ್ಟಿದ ಜಾಗ ಗೊತ್ತಿತ್ತು.

ಲೂಕನೂ ಹಾಗೆಯೇ. ಗೋದಲಿಯ ಮಾತನ್ನು ಮೂರು ಸಲ ತರುತ್ತಾನೆ. ತಾಯಿ ಮಲಗಿಸಿದಾಗ ಒಮ್ಮೆ, ದೇವದೂತ ಕುರುಬರಿಗೆ ಹೇಳುವಾಗ ಒಮ್ಮೆ, ಅವರು ಬಂದು ನೋಡಿದಾಗ ಮತ್ತೊಮ್ಮೆ. ದೂತ ಕೊಟ್ಟ ಗುರುತೇ ಅದು, ಗೋದಲಿಯಲ್ಲಿ ಮಲಗಿರುವ ಕೂಸು. ಕಥೆ ಶುರುವಾಗುವುದು ಚಕ್ರವರ್ತಿ ಔಗುಸ್ತನ ಆಜ್ಞೆಯಿಂದ. ಆದರೆ ಸುದ್ದಿ ಹೋಗುವುದು ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ಕುರುಬರಿಗೆ ಗೋದಲಿ ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅರಮನೆಗೆ ಹೋಗಿ ಅಂದಿದ್ದರೆ ಕಾವಲಿನವರು ಬಾಗಿಲಲ್ಲೇ ತಡೆಯುತ್ತಿದ್ದರು. ಇಲ್ಲಿಗಾದರೆ ಮೈ ತುಂಬ ಉಣ್ಣೆ ವಾಸನೆ ಇಟ್ಟುಕೊಂಡೇ ಒಳಗೆ ಹೋಗಬಹುದು.

ಬೇತ್ಲೆಹೇಮ್ ಅಂದರೆ ಇಬ್ರಿಯದಲ್ಲಿ ರೊಟ್ಟಿಯ ಮನೆ. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಇದನ್ನು ಬೇರೆ ಯಾರಾದರೂ ವಿವರಿಸಬೇಕೇ? ರೊಟ್ಟಿಯ ಮನೆಯಲ್ಲಿ, ತಿನ್ನುವುದನ್ನು ಇಡುವ ಜಾಗದಲ್ಲಿ ಅವನನ್ನು ಇಟ್ಟರು. ಮೂವತ್ತು ಚಿಲ್ಲರೆ ವರ್ಷ ಆದಮೇಲೆ, ಸಾಯುವ ಹಿಂದಿನ ರಾತ್ರಿ, ಅವನು ರೊಟ್ಟಿ ಮುರಿದು ಇದು ನನ್ನ ದೇಹ ಅಂತ ಶಿಷ್ಯರಿಗೆ ಕೊಟ್ಟ. ಆ ಊಟಕ್ಕೆ ಕೋಣೆ ಎಲ್ಲಿ ಅಂತ ಶಿಷ್ಯರ ಕೈಲಿ ಕೇಳಿಸಿದಾಗ ಲೂಕ ಬಳಸುವ ಪದ ಯಾವುದು ಗೊತ್ತಾ? ಕತಾಲುಮ. ಹುಟ್ಟುವಾಗ ಜಾಗ ಇರದಿದ್ದ ಕೋಣೆಗೆ ಬಳಸಿದ ಅದೇ ಪದ. ಕ್ರಿಸ್ಮಸ್ ಬೆಳಿಗ್ಗೆ, ಆ ಊಟದ ನೆನಪಿಗೆ ನಾವು ಮಾಡುವ ಕರ್ತನ ಭೋಜನಕ್ಕೆ ಮುಂದೆ ಹೋಗಿ ಮೊಣಕಾಲೂರಿದಾಗ ನನ್ನ ಕಣ್ಣ ಮುಂದೆ ಬರುವುದು ಆಯಿಯ ಮನೆಯ ಆ ನುಣುಪು ಕಲ್ಲು.

ಹೋದ ವರ್ಷ ನಮ್ಮ ದೇವಾಲಯದಲ್ಲಿ ಥರ್ಮಾಕೋಲಿನ ಗೋದಲಿ, ಅಂದರೆ ಕೂಸು ಹುಟ್ಟಿದ ಮನೆಯ ಪೂರಾ ದೃಶ್ಯ, ಮಾಡಿದ್ದೆವು. ಚೆಂದ ಇತ್ತು, ಬಣ್ಣ ಬಣ್ಣದ ದೀಪ, ಕೆಳಗೆ ಹತ್ತಿಯ ಹಿಮ. ಹುಡುಗರು ಎರಡು ರಾತ್ರಿ ನಿದ್ದೆಗೆಟ್ಟಿದ್ದರು, ಅವರ ಪ್ರೀತಿ ದೊಡ್ಡದು. ಆದರೆ ಆರು ವರ್ಷದ ಒಂದು ಹುಡುಗಿ ಬಂದು, "ಅಂಕಲ್, ಗೋದಲಿ ಅಂದ್ರ ಈ ಪೂರಾ ಮನೀನಾ?" ಅಂತ ಕೇಳಿತು. ಅವಳು ದನ ಕಟ್ಟಿದ ಮನೆಯನ್ನೇ ನೋಡಿಲ್ಲ. ನನಗೆ ಬಹಳ ಸಂಕಟ ಆಯ್ತು. ದೂತ ಕೊಟ್ಟ ಗುರುತು ನಮ್ಮ ಮಕ್ಕಳಿಗೆ ಗೊತ್ತಿಲ್ಲದೆ ಹೋಗುತ್ತಿದೆ ಅಲ್ವಾ?

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಆ ಗುರುತನ್ನೇ ಜನರ ಕಣ್ಣ ಮುಂದೆ ಇಡಿಸಿದ. ಗೋದಲಿ ಇಟ್ಟು, ಹುಲ್ಲು ತುಂಬಿಸಿ, ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿದ. ಕೂಸು ಎಂಥ ಜಾಗದಲ್ಲಿ ಮಲಗಿತ್ತು ಅಂತ ಜನ ಕಣ್ಣಾರೆ ನೋಡಲಿ ಅನ್ನುವುದೇ ಅವನ ಆಸೆ. ಎತ್ತು, ಕತ್ತೆ ಲೂಕನಲ್ಲಿ ಇಲ್ಲ. ಎತ್ತಿಗೆ ಒಡೆಯ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಅಂತ ಪ್ರವಾದಿ ಯೆಶಾಯ ಮರುಗಿದ್ದನಲ್ಲ, ಅಲ್ಲಿಂದ ಬಂದವು.

ಆಯಿ ಈಗಿಲ್ಲ. ಮನೆಯ ಅರ್ಧ ಗೋಡೆ ಮಳೆಗೆ ಬಿದ್ದಿದೆ. ಗೋದಲಿ ಮಾತ್ರ ಅಲ್ಲೇ ಇದೆ, ಮಣ್ಣು ತುಂಬಿಕೊಂಡು. ಈ ಸಲ ಅದನ್ನು ದೇವಾಲಯಕ್ಕೆ ತರೋಣ ಅಂದಿದ್ದಕ್ಕೆ ಸಭಾಪಾಲಕರು ತಕ್ಷಣ ಒಪ್ಪಿದರು. ತೊಳೆಯುವುದು ಬೇಡ, ಮಣ್ಣು ಕೊಡವಿದರೆ ಸಾಕು ಅಂದರು. ಕಾಕಾ ಶನಿವಾರ ಟಂಟಂ ಗಾಡಿ ತರುತ್ತಾರೆ. ಕಲ್ಲು ಬಹಳ ಭಾರ, ನಾಲ್ಕು ಜನವಾದರೂ ಬೇಕು. ಬರುವವರು ಬೆಳಿಗ್ಗೆ ಏಳಕ್ಕೆ ನಮ್ಮ ಮನೆ ಹತ್ತಿರ ಬನ್ನಿ. ಆ ಹುಡುಗಿಯ ಅಪ್ಪನಿಗೂ ಫೋನ್ ಮಾಡಿದ್ದೇನೆ, ಅವಳನ್ನೂ ಕರೆದುಕೊಂಡು ಬರುತ್ತಾರಂತೆ.