ಬೆಲೆ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ

ಸಾಗರ, ತೀರ್ಥಹಳ್ಳಿಯ ಕಡೆ ಯಾರ ತೋಟಕ್ಕೆ ಕೊಳೆರೋಗ ತಗುಲಿದೆ, ಬೆಂಗಳೂರಿನಲ್ಲಿರುವ ಯಾರ ಮಗನಿಗೆ ಎಷ್ಟು ಸಂಬಳ, ಯಾರ ಮನೆಯ ಸಂಬಂಧ ಯಾವ ಕಾರಣಕ್ಕೆ ಮುರಿಯಿತು ಎಂಬುದೆಲ್ಲ ಊರಿಗೆ ತಿಳಿದಿರುತ್ತದೆ. ತಿಳಿಯದೆ ಉಳಿದಿರುವುದು ಕಾಲು ಕಿಲೋ ಮಿಡಿ ಉಪ್ಪಿನಕಾಯಿಯ ಬೆಲೆ ಮಾತ್ರ. ಅದನ್ನು ತಯಾರಿಸುವವರು ಫೇಸ್‌ಬುಕ್ಕಿನಲ್ಲೊಂದು, ಇನ್‌ಸ್ಟಾಗ್ರಾಮಿನಲ್ಲೊಂದು ಪೇಜ್ ತೆರೆದು, ಮಳೆಗೆ ತೊಯ್ದ ಹೆಂಚಿನ ಮನೆಯನ್ನೂ, ಅಜ್ಜಿಯ ಸುಕ್ಕುಗಟ್ಟಿದ ಕೈಯನ್ನೂ, ಭರಣಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯನ್ನೂ ಕೊಳಲಿನ ಹಿನ್ನೆಲೆಯಲ್ಲಿ ನಿಧಾನವಾಗಿ ತೋರಿಸುತ್ತಾರೆ. ಕೆಳಗೆ ಯಾರಾದರೂ ‘ಎಷ್ಟು ರೂಪಾಯಿ?’ ಎಂದು ಕೇಳಿದರೆ ‘ಇನ್‌ಬಾಕ್ಸ್ ನೋಡಿ’ ಎಂಬ ಉತ್ತರ ಬರುತ್ತದೆ. ಮುಂದಿನವರೂ ಅದನ್ನೇ ಕೇಳುತ್ತಾರೆ. ಅವರಿಗೂ ಅದೇ ಉತ್ತರ.

ಇದು ನಡೆಯುತ್ತಿರುವುದು ಎಂಥ ಜಿಲ್ಲೆಯಲ್ಲಿ ಎಂಬುದನ್ನು ಗಮನಿಸಬೇಕು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ, ಒಂದೊಂದಕ್ಕೂ ಕ್ವಿಂಟಲ್‌ಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಧಾರಣೆಯನ್ನು ಪತ್ರಿಕೆಗಳು ಅಚ್ಚು ಹಾಕುತ್ತವೆ. ಆ ಅಂಕಿಗಳನ್ನು ನೋಡದೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯದ ಹಿರಿಯರು ಇಲ್ಲಿದ್ದಾರೆ. ವರ್ಷವಿಡೀ ದುಡಿದು ಬೆಳೆದ ಲಕ್ಷಾಂತರ ರೂಪಾಯಿಯ ಬೆಳೆಗೆ ಬಹಿರಂಗವಾಗಿ ಬೆಲೆ ಕಟ್ಟಿಸಿಕೊಳ್ಳಲು ನಾಚದ ಜನ, ಒಂದು ಬಾಟಲಿ ಉಪ್ಪಿನಕಾಯಿಯ ಬೆಲೆಯನ್ನು ಮಾತ್ರ ಕಿವಿಯಲ್ಲಿ ಉಪದೇಶಿಸುವ ಮಂತ್ರವನ್ನಾಗಿ ಮಾಡಿಕೊಂಡಿದ್ದಾರೆ.

ಇದರ ಹಿಂದೆ ಶಾಸ್ತ್ರವೂ ಇದೆಯಂತೆ. ಬೆಲೆ ಬರೆಯದಿದ್ದರೆ ಜನ ಕಮೆಂಟಿನಲ್ಲಿ ಕೇಳುತ್ತಾರೆ, ಕಮೆಂಟು ಹೆಚ್ಚಿದರೆ ಅಲ್ಗಾರಿದಮ್ ಪ್ರಸನ್ನವಾಗುತ್ತದೆ, ಅದು ಪ್ರಸನ್ನವಾದರೆ ಇನ್ನಷ್ಟು ಜನರಿಗೆ ತೋರಿಸುತ್ತದೆ, ಆ ಇನ್ನಷ್ಟು ಜನರೂ ಬಂದು ಬೆಲೆ ಕೇಳುತ್ತಾರೆ. ಈ ಸರಪಳಿಯಲ್ಲಿ ಉಪ್ಪಿನಕಾಯಿ ಮಾರಾಟವಾಗುವ ಕೊಂಡಿ ಯಾವುದು ಎಂದು ಕೇಳಿದವರಿಗೆ ಮಾರ್ಕೆಟಿಂಗ್ ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಲಾಗುತ್ತದೆ. ‘ಲೈಕ್ ಮಾಡಿ, ಶೇರ್ ಮಾಡಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಗೋಗರೆಯುವ ಪೋಸ್ಟುಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ಕೇ 2017ರ ಡಿಸೆಂಬರಿನಲ್ಲಿ ಸಾರಿತ್ತು. ನಮ್ಮ ಪೇಜುಗಳು ಇಂದಿಗೂ ಮೂವರನ್ನು ಹುಡುಕುತ್ತಲೇ ಇವೆ.

ನಿವೃತ್ತ ಹೆಡ್‌ಮಾಸ್ಟರೊಬ್ಬರು ಮಗಳ ಮನೆಗೆ ಎರಡು ಬಾಟಲಿ ಕಳಿಸಬೇಕೆಂದು ಆ ಇನ್‌ಬಾಕ್ಸನ್ನು ಪ್ರವೇಶಿಸುತ್ತಾರೆಂದು ಇಟ್ಟುಕೊಳ್ಳಿ. ‘ಮಾನ್ಯರೇ’ ಎಂದು ಆರಂಭಿಸಿ, ಅಲ್ಪವಿರಾಮ ತಪ್ಪದಂತೆ ಬರೆದ ಅವರ ಪತ್ರಕ್ಕೆ, ‘ಹಾಯ್ ಡಿಯರ್! ನಮ್ಮ ಟೀಮ್ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತದೆ’ ಎಂದು ಯಂತ್ರ ಉತ್ತರಿಸುತ್ತದೆ. ಟೀಮ್ ಎಂದರೆ ಒಬ್ಬ ಅಳಿಯ. ಮರುದಿನ ಅವನು ‘ಕಾಲ್ ಮಾಡಿ ಸರ್’ ಎನ್ನುತ್ತಾನೆ. ಕಾಲ್ ಮಾಡಿದರೆ ‘ವಾಟ್ಸಾಪ್ ಮಾಡಿ ಸರ್’ ಎನ್ನುತ್ತಾನೆ. ವಾಟ್ಸಾಪ್ ಮಾಡಿದರೆ ‘ಡೀಟೇಲ್ಸ್ ಎಲ್ಲ ಪೇಜಿನಲ್ಲಿದೆ ಸರ್’ ಎಂದು ಲಿಂಕ್ ಕಳಿಸುತ್ತಾನೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರವನ್ನೂ ಬೆಲೆಯನ್ನೂ ಪಟ್ಟಿ ಮಾಡಿಡುವ ಕ್ಯಾಟಲಾಗ್ ಸೌಲಭ್ಯ 2019ರಿಂದಲೇ ಇದೆ, ಅದಕ್ಕೆ ಬಿಡಿಗಾಸೂ ಕೊಡಬೇಕಾಗಿಲ್ಲ. ಆದರೆ ಪುಕ್ಕಟೆ ಸಿಗುವುದನ್ನು ಬಳಸಿದರೆ ಪ್ರಚಾರಕ್ಕೆ ಖರ್ಚು ಮಾಡಿದ ಸಮಾಧಾನ ಸಿಗುವುದಾದರೂ ಹೇಗೆ?

ಆ ಸಮಾಧಾನಕ್ಕಾಗಿ ಇರುವುದು ಬೂಸ್ಟ್. ದುಡ್ಡು ಕಟ್ಟಿ ಪೋಸ್ಟನ್ನು ಬೂಸ್ಟ್ ಮಾಡುವಾಗ ಯಾವ ಊರಿನವರಿಗೆ, ಸುತ್ತ ಎಷ್ಟು ಕಿಲೋಮೀಟರಿನವರೆಗೆ ತೋರಿಸಬೇಕೆಂದು ಆರಿಸಿಕೊಳ್ಳಬಹುದು. ಭದ್ರಾವತಿ, ಶಿಕಾರಿಪುರಗಳನ್ನು ಆರಿಸುವುದು ಅಲ್ಪತೃಪ್ತಿಯ ಲಕ್ಷಣವೆಂದು ನಮ್ಮವರು ಇಡೀ ಭಾರತವನ್ನೇ ಆರಿಸುತ್ತಾರೆ. ಪರಿಣಾಮವಾಗಿ ಗೋರಖಪುರದ ಯುವಕನೊಬ್ಬ ಅಪ್ಪೆಮಿಡಿಗೆ ಹೃದಯದ ಚಿಹ್ನೆ ಒತ್ತುತ್ತಾನೆ, ಅಂಗಡಿಯ ಹಿಂದಿನ ಬೀದಿಯ ಗೃಹಿಣಿ ಸೂಪರ್ ಮಾರ್ಕೆಟಿನಿಂದ ಹೊರ ರಾಜ್ಯದ ಉಪ್ಪಿನಕಾಯಿ ತರುತ್ತಾಳೆ. ರಿಯಾಯಿತಿಯನ್ನಂತೂ ಸ್ಟೋರಿಯಲ್ಲೇ ಹಾಕಬೇಕೆಂಬ ನಿಯಮವಿದ್ದಂತಿದೆ. ಸ್ಟೋರಿಯ ಆಯುಸ್ಸು 24 ಗಂಟೆ. ಹೊಸನಗರದ ಹಳ್ಳಿಗಳಲ್ಲಿ ಆಷಾಢದ ಮಳೆಗೆ ಲೈನಿನ ಮೇಲೆ ಮರ ಬಿದ್ದು ಕವಿಯುವ ಕತ್ತಲೆ ಅದಕ್ಕಿಂತ ದೀರ್ಘಾಯುಷಿ.

ಪೇಜ್ ಮೌನವಾಗಿರುತ್ತದೆ ಎಂದೇನೂ ಅಲ್ಲ. ಸಂಕ್ರಾಂತಿಗೆ, ಯೋಗ ದಿನಕ್ಕೆ, ಪರಿಸರ ದಿನಕ್ಕೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಗೆ ಮಾಲೀಕರು ಕೈಮುಗಿದು ನಿಂತ ಚಿತ್ರದೊಂದಿಗೆ ಶುಭಾಶಯ ಕೋರಲಾಗುತ್ತದೆ. ಜಾತ್ರೆಯ ದಿನ ಅಂಗಡಿ ತೆರೆದಿರುತ್ತದೆಯೇ ಎಂಬುದು ಬಾಗಿಲಿಗೆ ಬಂದು ಬೀಗ ನೋಡಿದವರಿಗಷ್ಟೇ ತಿಳಿಯುತ್ತದೆ. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಿಳಾಸ ಬರೆಯಲು ಪೇಜಿನಲ್ಲಿ ಪ್ರತ್ಯೇಕ ಜಾಗಗಳಿವೆ. ‘ಆಲ್ವೇಸ್ ಓಪನ್’ ಎಂದು ಒತ್ತಿ ಕೈತೊಳೆದುಕೊಳ್ಳಲಾಗಿದೆ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ, ಅಂಗಡಿಯವರು ಪಾಲಿಸಿಯೂ ಇದ್ದಾರೆ. ಪೇಜಿಗೆ ಆ ಕಾನೂನಿನ ಗಾಳಿ ತಾಗಿಲ್ಲವಾದ್ದರಿಂದ ಅಲ್ಲಿ ‘ಅಥೆಂಟಿಕ್ ಮಲ್ನಾಡ್ ವೈಬ್ಸ್’ ಬಿಟ್ಟು ಬೇರೆ ಭಾಷೆಯಿಲ್ಲ.

ಹೀಗಿರುವಾಗ ಪೇಜಿನ ಗೊಡವೆಯೇ ಬೇಡವೆಂದು ಹೆಡ್‌ಮಾಸ್ಟರರು ಕೊಡೆ ಹಿಡಿದು ಅಂಗಡಿಗೇ ಹೋಗುವುದು ಸಹಜ. ಗಲ್ಲಾದ ಹಿಂದೆ ಆ ಅಳಿಯನೇ ಕುಳಿತಿರುತ್ತಾನೆ. ಎದುರಿನ ಕಪಾಟಿನಲ್ಲಿ ಬಾಟಲಿಗಳು ಸಾಲಾಗಿರುತ್ತವೆ. ‘ಇದಕ್ಕೆಷ್ಟಪ್ಪ?’ ಎಂದು ಕೇಳಿದರೆ, ರೀಲ್ಸ್ ಎಡಿಟ್ ಮಾಡುತ್ತಿದ್ದ ಆತ ಮೊಬೈಲಿನಿಂದ ತಲೆಯೆತ್ತದೆ ವಿನಯದಿಂದ ಕೇಳುತ್ತಾನೆ: ‘ಸರ್, ಪೇಜ್ ಫಾಲೋ ಮಾಡಿದ್ದೀರಾ?’