ಪ್ಯಾನೆಲ್ ಇದೆ, ವಿಷಯ ಆಮೇಲೆ ನೋಡೋಣ

ಅನಿಮೆ ಎಂಬ ಜಪಾನಿ ಅನಿಮೇಷನ್ನಿನ ಅಭಿಮಾನಿಗಳು ಸೇರುವ ಕನ್ವೆನ್ಷನ್‌ನಲ್ಲಿ ಪ್ಯಾನೆಲ್ ನಡೆಸಲು, ಅಂದರೆ ಒಂದು ಕೋಣೆಯಲ್ಲಿ ಜನರ ಮುಂದೆ ಕೂತು ಒಂದು ವಿಷಯದ ಬಗ್ಗೆ ಮಾತಾಡಲು, ಏನೇನು ಬೇಕು? ಒಂದು ಲ್ಯಾಪ್‌ಟಾಪ್ ಬೇಕು. ಅದಕ್ಕೆ ಹೊಂದದ ಕೇಬಲ್ ಬೇಕು. ಒಬ್ಬರ ಜೋಕಿಗೆ ಇನ್ನೊಬ್ಬರು ನಗಲು ಇಬ್ಬರು ಗೆಳೆಯರು ಬೇಕು. ವಿಷಯ ಗೊತ್ತಿರಲೇಬೇಕು ಎಂಬ ನಿಯಮ ಮಾತ್ರ ಎಲ್ಲೂ ಇದ್ದಂತಿಲ್ಲ. ಇದ್ದಿದ್ದರೆ ಅರ್ಧ ಕೋಣೆಗಳಿಗೆ ಬೀಗ ಹಾಕಬೇಕಾಗುತ್ತಿತ್ತು.

ಆಯ್ಕೆಯ ಕ್ರಮ ಬಹಳ ಶಿಸ್ತಿನದು. ತಿಂಗಳುಗಟ್ಟಲೆ ಮೊದಲೇ ಅರ್ಜಿ ಕರೆಯುತ್ತಾರೆ. ಅರ್ಜಿಯಲ್ಲಿ ಒಂದು ಶೀರ್ಷಿಕೆ, ಕೆಳಗೆ ನಾಲ್ಕು ಸಾಲಿನ ವಿವರಣೆ. ಶೀರ್ಷಿಕೆಯಲ್ಲಿ ಒಂದು ಚೇಷ್ಟೆಯ ಮಾತಿದ್ದರೆ ಅರ್ಧ ಪಾಸು. ಪಕ್ಕದಲ್ಲಿ '18+' ಎಂದು ಬರೆದರೆ ಪೂರ್ತಿ ಪಾಸು. ಎಷ್ಟೋ ಕಡೆ ಪ್ಯಾನೆಲ್ ನಡೆಸುವವರಿಗೆ ಪ್ರವೇಶದ ಬ್ಯಾಡ್ಜ್ ಪುಕ್ಕಟೆ. ಹಾಗಾಗಿ ಬ್ಯಾಡ್ಜಿನ ಬೆಲೆ ಏರಿದಷ್ಟೂ ವಿದ್ವಾಂಸರ ಸಂಖ್ಯೆಯೂ ಏರುತ್ತದೆ. ಜ್ಞಾನ ಹಂಚುವ ಹಂಬಲ ಎಲ್ಲಿಂದ ಹುಟ್ಟಿದರೇನು, ಹುಟ್ಟಿತಲ್ಲ!

'ಅನಿಮೆಯ ಸಂಪೂರ್ಣ ಇತಿಹಾಸ' ಎಂಬ ಪ್ಯಾನೆಲ್‌ಗೆ ಹೋಗಿ ಕೂತುಕೊಳ್ಳಿ. ಕೇಬಲ್ ಜಗಳಕ್ಕೆ ಹದಿನೈದು ನಿಮಿಷ. ಮೊದಲ ಸ್ಲೈಡ್ ಭಾಷಣಕಾರರದ್ದು. ಎರಡನೆಯದು ಅವರಿಗಿಷ್ಟವಾದ ಪಾತ್ರಗಳದ್ದು. ಮೂರನೆಯದು ಅವರ ಬೆಕ್ಕಿನದ್ದು. ನಾಲ್ಕನೆಯದರಲ್ಲಿ ಅಂತೂ ಇತಿಹಾಸ ಶುರು: 1963ರ ಜನವರಿ 1ರಂದು ಜಪಾನಿನ ಟಿವಿಯಲ್ಲಿ ಆಸ್ಟ್ರೋ ಬಾಯ್ ಎಂಬ ಅನಿಮೆ ಸರಣಿ ಬಂತು. ಐದನೆಯ ಸ್ಲೈಡ್‌ನಲ್ಲಿ ಭಾಷಣಕಾರರು ಶಾಲೆಯಿಂದ ಬಂದು ನೋಡುತ್ತಿದ್ದ ಸರಣಿ. ನಡುವಿನ ದಶಕಗಳಲ್ಲಿ ಜಪಾನ್ ನಿದ್ದೆ ಮಾಡುತ್ತಿತ್ತೋ ಏನೋ. ಸ್ಲೈಡಿನ ಮಾತುಗಳನ್ನು ವಿಕಿಪೀಡಿಯದಿಂದ ಎತ್ತಿಟ್ಟಿದ್ದಾರೆ ಅಂತ ಯಾರೂ ಆರೋಪ ಮಾಡಬೇಕಿಲ್ಲ. ವಾಕ್ಯದ ಕೊನೆಯಲ್ಲಿ ಅಲ್ಲಿನ ಅಡಿಟಿಪ್ಪಣಿಯ ಸಂಖ್ಯೆ '[17]' ಹಾಗೇ ಉಳಿದಿರುತ್ತದೆ.

ಹೀಗೆ ಹಾರಿಹೋದ ವರ್ಷಗಳಲ್ಲೇ 1981 ಕೂಡ ಇದೆ. ಆ ವರ್ಷ ಒಸಾಕಾದಲ್ಲಿ ಸೈನ್ಸ್ ಫಿಕ್ಷನ್ ಅಭಿಮಾನಿಗಳ ಸಮಾವೇಶ ನಡೆಯಿತು. ಅದರ ಉದ್ಘಾಟನೆಗೆ ಕೆಲವು ವಿದ್ಯಾರ್ಥಿಗಳು ತಾವೇ ಒಂದು ಅನಿಮೇಷನ್ ಚಿತ್ರ ಬರೆದು ಕೊಟ್ಟರು. ಅವರಲ್ಲಿ ಒಬ್ಬರು ಅನ್ನೋ ಹಿದೆಯಾಕಿ, ಮುಂದೆ ಹೆಸರಾಂತ ಅನಿಮೆ ನಿರ್ದೇಶಕರಾದವರು. ಮುಂದೆ ಅದೇ ಗುಂಪಿನಿಂದ ಗೈನಾಕ್ಸ್ ಎಂಬ ಅನಿಮೆ ಸ್ಟುಡಿಯೋ ಬಂತು. ಆಗ ಅವರಿಗೆ ಯಾರಾದರೂ ಒಂದು ಪ್ಯಾನೆಲ್ ಕೊಟ್ಟಿದ್ದರೆ ಬೆಕ್ಕಿನ ಫೋಟೋ ತೋರಿಸಿ ಮನೆಗೆ ಹೋಗಿಬಿಡುತ್ತಿದ್ದರೇನೋ. ಸದ್ಯ, ಕೊಡಲಿಲ್ಲ.

ಇನ್ನು 'ಪಾತ್ರಗಳನ್ನೇ ಕೇಳಿ' ಎಂಬ ಬಗೆ. ಅನಿಮೆ ಪಾತ್ರಗಳ ವೇಷ ತೊಟ್ಟವರು ವೇದಿಕೆಯಲ್ಲಿ ಕೂತು ಪಾತ್ರವಾಗಿಯೇ ಉತ್ತರಿಸುತ್ತಾರೆ. ಸಂಭಾಷಣೆ ಬರೆದಿರುವುದಿಲ್ಲ, ಅಭ್ಯಾಸವೂ ಇರುವುದಿಲ್ಲ. ಯಾರನ್ನು ಪ್ರೀತಿಸುತ್ತೀಯ ಎಂದು ಸಭೆ ಕೇಳುತ್ತದೆ, ಪಾತ್ರ ಕಿರುಚುತ್ತದೆ. ಇನ್ನೊಬ್ಬರು ಅದನ್ನೇ ಕೇಳುತ್ತಾರೆ, ಪಾತ್ರ ಇನ್ನೂ ಜೋರಾಗಿ ಕಿರುಚುತ್ತದೆ. ಒಂದು ಗಂಟೆ ಇದೇ. ಬೇಸರವೇನೆಂದರೆ, ಅದೇ ವ್ಯಕ್ತಿ ಮೈಮೇಲಿನ ಕವಚಕ್ಕಾಗಿ ತಿಂಗಳುಗಟ್ಟಲೆ ದುಡಿದಿರುತ್ತಾರೆ. ಇವಿಎ ಫೋಮ್ ಎಂಬ ಮೆತ್ತನೆ ಹಾಳೆಯನ್ನು ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಕಾಯಿಸಿ, ಬಾಗಿಸಿ, ಅಂಟಿಸಿ, ಲೋಹದ ಹಾಗೆ ಕಾಣುವಂತೆ ಬಣ್ಣ ಹೊಡೆದಿರುತ್ತಾರೆ. ಅದನ್ನು ಹೇಳಿದ್ದರೆ ನಾನು ಎರಡು ಗಂಟೆ ಕೂರುತ್ತಿದ್ದೆ. ಆದರೆ ಗೊತ್ತಿರುವುದನ್ನು ಹೇಳುವುದು ಪ್ಯಾನೆಲ್ ಲೋಕದಲ್ಲಿ ಅಷ್ಟು ಶೋಭಿಸುವುದಿಲ್ಲ ಅನ್ಸುತ್ತೆ.

ಅನಿಮೆ ಕನ್ವೆನ್ಷನ್‌ನಲ್ಲಿ ಅನಿಮೆ ಯಾಕಿಲ್ಲ ಎಂದು ಕೇಳುವುದಂತೂ ಒರಟುತನ. 2010ರ ದಶಕದ ಆರಂಭದಲ್ಲಿ ಅಮೆರಿಕದ ಅನಿಮೆ ಕನ್ವೆನ್ಷನ್‌ಗಳ ಕಾರಿಡಾರ್ ತುಂಬ ಮೈಗೆ ಬೂದು ಬಣ್ಣ ಬಳಿದುಕೊಂಡವರು ಓಡಾಡುತ್ತಿದ್ದರು. ಅವರು ಹೋಮ್‌ಸ್ಟಕ್ ಎಂಬ ವೆಬ್‌ಕಾಮಿಕ್‌ನ, ಅಂದರೆ ಇಂಟರ್ನೆಟ್ಟಿನ ಚಿತ್ರಕಥೆಯ ಭಕ್ತರು, ಅದರ ಬೂದು ಮೈಯ ಪಾತ್ರಗಳ ವೇಷದಲ್ಲಿ. ಆ ಚಿತ್ರಕಥೆ ಅನಿಮೆಯೂ ಅಲ್ಲ, ಜಪಾನಿನದೂ ಅಲ್ಲ. ಅದಕ್ಕೂ ಪ್ಯಾನೆಲ್ ಸಿಕ್ಕಿತು. ಬಣ್ಣ ಮಾತ್ರ ಹೋಟೆಲ್ ಗೋಡೆಗಳಿಗೂ ಸಿಕ್ಕಿತು.

ಜಪಾನಿನಿಂದ ನಿಜವಾದ ಅನಿಮೇಟರ್ ಒಬ್ಬರು ಬಂದರೂ ಗಾಬರಿ ಬೇಡ, ಅದನ್ನೂ ನಿಭಾಯಿಸುತ್ತೇವೆ. ಪ್ರತಿ ಮಾತೂ ದುಭಾಷಿಯ ಮೂಲಕ ಹೋಗಿ ಬರಬೇಕು, ಅರ್ಧ ಸಮಯ ಅಲ್ಲೇ ಹೋಯಿತು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಅನಿಮೆಯಲ್ಲಿ ಎಷ್ಟೋ ಸಲ ಒಂದೊಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿ 8 ಚಿತ್ರಗಳಲ್ಲೇ ಕೆಲಸ ಮುಗಿಸುತ್ತಾರೆ. ಯಾವ ಚಿತ್ರ ಬಿಟ್ಟರೆ ಓಟ ಓಟದ ಹಾಗೇ ಕಾಣುತ್ತದೆ? ಅದು ಆ ಮನುಷ್ಯನ ಕೈಗೆ ಗೊತ್ತು. ಯಾರೂ ಕೇಳುವುದಿಲ್ಲ. ನಿಮಗಿಷ್ಟವಾದ ಪಾತ್ರ ಯಾವುದು ಎಂದು ಕೇಳುತ್ತಾರೆ. ಆಮೇಲೆ ಮೈಕ್ ಹಿಡಿದವರು 'ಇದು ಪ್ರಶ್ನೆಯಲ್ಲ, ನನ್ನ ಅನಿಸಿಕೆ ಅಷ್ಟೇ' ಅನ್ನುತ್ತಾರೆ. ಉಳಿದ ಅರ್ಧ ಸಮಯ ಅಲ್ಲಿ ಹೋಯಿತು.

ಒಳ್ಳೆಯ ಪ್ಯಾನೆಲ್‌ಗಳೂ ಇರುತ್ತವೆ, ಸುಳ್ಳು ಯಾಕೆ ಹೇಳಲಿ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಲಿಫ್ಟ್ ಹೋಗದ ಮೂಲೆಯ ಕೋಣೆಯಲ್ಲಿ. ಪ್ರಕಾಶಕರು, ಟಿವಿ ಚಾನೆಲ್, ಆಟಿಕೆ ಕಂಪನಿ, ಮ್ಯೂಸಿಕ್ ಕಂಪನಿ ಸೇರಿ ನಿರ್ಮಾಣ ಸಮಿತಿ ಕಟ್ಟಿಕೊಂಡು ಅನಿಮೆಗೆ ದುಡ್ಡು ಹಾಕುವುದು ಹೇಗೆ? ಚಿತ್ರ ಬರೆದ ಸ್ಟುಡಿಯೋ ಎಷ್ಟೋ ಸಲ ಬರೀ ಗುತ್ತಿಗೆದಾರನಾಗಿ ಉಳಿದು, ಸರಣಿ ಗೆದ್ದರೂ ಲಾಭ ಅದರ ಬಾಗಿಲಿಗೆ ಬಾರದಿರುವುದು ಹೇಗೆ? ಒಬ್ಬರು ಶ್ರದ್ಧೆಯಿಂದ ವಿವರಿಸುತ್ತಿರುತ್ತಾರೆ. ಕೇಳಲು ಬಂದವರಲ್ಲಿ ಕೆಲವರು ರಾತ್ರಿಯ '18+' ಮುಗಿಸಿ ಮಲಗಲು ಜಾಗ ಹುಡುಕಿಕೊಂಡು ಬಂದವರು.

ಕೊನೆಗೆ ದೂರು ಹೇಳಿಕೊಳ್ಳುವ ಸಭೆ. ಕನ್ವೆನ್ಷನ್ನಿನ ಮೂರೂ ದಿನಗಳಲ್ಲಿ ತಯಾರಿ ಮಾಡಿಕೊಂಡು ಬಂದ ಜನ ಇಲ್ಲಿ ಕಾಣುತ್ತಾರೆ. ಕೈಯಲ್ಲಿ ಪಟ್ಟಿ, ಪಟ್ಟಿಯಲ್ಲಿ ಕೋಣೆಯ ಹೆಸರು, ಸಮಯ, ಪುರಾವೆಗೆ ಫೋಟೋ. ಪ್ಯಾನೆಲ್‌ಗಳಲ್ಲಿ ಹುರುಳಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಸಂಘಟಕರು ತಲೆಯಾಡಿಸುತ್ತಾ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷ ಖಂಡಿತ ಸರಿಪಡಿಸುತ್ತೇವೆ, ಪ್ಯಾನೆಲ್‌ಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತೇವೆ ಎಂದು ಘೋಷಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಬಾಗಿಲ ಬಳಿ ಅರ್ಜಿಗೆ ಸಾಲು ಶುರು.